ಎಡಿಟಿಂಗಿಗೂ ಗೇಮಿಂಗಿಗೂ ಒಂದೇ ಕಂಪ್ಯೂಟರ್: ಆರಿಸಿಕೊಂಡ ಬಿಡಿಭಾಗಗಳ ವಿಮರ್ಶೆ

ಮನೆಯಲ್ಲಿಯೇ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಪ್ರೊಸೆಸರಿನ ಹೆಸರಿನಿಂದ ಲೆಕ್ಕ ಆರಂಭಿಸುತ್ತಾರೆ. ಅದಕ್ಕೆ ಹೊಂದುವ ಮದರ್‌ಬೋರ್ಡ್, ಆಮೇಲೆ ಉಳಿದ ಹಣಕ್ಕೆ ದಕ್ಕುವ ಗ್ರಾಫಿಕ್ಸ್ ಕಾರ್ಡ್ ಎಂದು ಪಟ್ಟಿ ಮುಂದುವರಿಯುತ್ತದೆ. ಗೇಮ್ ಆಡುವುದಷ್ಟೇ ಉದ್ದೇಶವಾಗಿದ್ದರೆ ಈ ಕ್ರಮದಿಂದ ದೊಡ್ಡ ನಷ್ಟವೇನೂ ಆಗದು. ಅದೇ ಯಂತ್ರದಲ್ಲಿ ವಿಡಿಯೊ ಎಡಿಟಿಂಗೂ ನಡೆಯಬೇಕೆಂದಾದರೆ, ನಮ್ಮ ಕ್ಯಾಮೆರಾ ಯಾವ ಬಗೆಯ ಫೈಲನ್ನು ಬರೆಯುತ್ತದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಆ ಫೈಲನ್ನು ಬಿಡಿಸಿ ಓದುವ ಸಾಮರ್ಥ್ಯ ಗ್ರಾಫಿಕ್ಸ್ ಕಾರ್ಡಿಗೆ ಇದೆಯೋ, ಪ್ರೊಸೆಸರಿಗೆ ಇದೆಯೋ ಅಥವಾ ಎರಡಕ್ಕೂ ಇಲ್ಲವೋ ಎಂಬುದರ ಮೇಲೆ ಉಳಿದ ಆಯ್ಕೆಗಳೆಲ್ಲ ನಿಲ್ಲುತ್ತವೆ. ದುಬಾರಿ ಯಂತ್ರವನ್ನು ಕಟ್ಟಿಕೊಂಡ ಮೇಲೂ ಟೈಮ್‌ಲೈನ್ (ದೃಶ್ಯದ ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ತಡವರಿಸುತ್ತಿದೆ ಎಂದು ದೂರುವ ಗೆಳೆಯರ ಕಂಪ್ಯೂಟರುಗಳನ್ನು ಬಿಚ್ಚಿ ನೋಡಿದಾಗ ಕಾರಣ ಹೆಚ್ಚಿನ ಸಲ ಇಲ್ಲಿಯೇ ಸಿಕ್ಕಿದೆ.

ನಾನು ಯಕ್ಷಗಾನ ಮತ್ತು ತಾಳಮದ್ದಳೆಗಳನ್ನು ಮೂರು ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿ ಡಾವಿಂಚಿ ರಿಸಾಲ್ವ್ ಸ್ಟುಡಿಯೊ ಎಂಬ ತಂತ್ರಾಂಶದಲ್ಲಿ ಎಡಿಟ್ ಮಾಡುತ್ತೇನೆ. ಬಿಡುವಾದಾಗ ಅದೇ ಯಂತ್ರದಲ್ಲಿ 27 ಇಂಚಿನ 1440ಪಿ (ಮೇಲಿಂದ ಕೆಳಗೆ 1440 ಸಾಲು ಬಿಂದುಗಳಿರುವ) ಪರದೆಯ ಮೇಲೆ ಗೇಮ್ ಆಡುತ್ತೇನೆ. ಈ ಎರಡು ಕೆಲಸಗಳಿಗಾಗಿ ಆರಿಸಿಕೊಂಡದ್ದು ಎಎಂಡಿಯ ರೈಜೆನ್ 7 9700ಎಕ್ಸ್ ಪ್ರೊಸೆಸರ್, ಬಿ650 ಚಿಪ್‌ಸೆಟ್‌ನ ಮದರ್‌ಬೋರ್ಡ್, ಡಿಡಿಆರ್5 ಮಾದರಿಯ 32 ಜಿಬಿ ರ‍್ಯಾಮ್, ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಕಾರ್ಡಿನ 16 ಜಿಬಿ ಆವೃತ್ತಿ, ಎರಡು ಎನ್‌ವಿಎಂಇ (ಮದರ್‌ಬೋರ್ಡಿಗೇ ಕೂರಿಸುವ ವೇಗದ ಮಾದರಿಯ) ಎಸ್‌ಎಸ್‌ಡಿಗಳು, ಸಂಗ್ರಹಕ್ಕೊಂದು ಹಾರ್ಡ್‌ಡಿಸ್ಕ್, ಮತ್ತು 750 ವ್ಯಾಟ್‌ನ ಗೋಲ್ಡ್ ದರ್ಜೆಯ ಪವರ್ ಸಪ್ಲೈ. ಪ್ರತಿಯೊಂದನ್ನೂ ಏಕೆ ಆರಿಸಿದೆ, ಬಳಕೆಯಲ್ಲಿ ಅದು ಹೇಗಿದೆ, ಯಾರು ಬೇರೆಯದನ್ನು ಕೊಳ್ಳುವುದು ಲೇಸು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಫೈಲಿನ ವಿಷಯ. ಇಂದಿನ ಒಳ್ಳೆಯ ಕ್ಯಾಮೆರಾಗಳು ಎಚ್.264 ಅಥವಾ ಎಚ್.265 ಎಂಬ ಸಂಕೋಚನ ವಿಧಾನದಲ್ಲಿ, 10 ಬಿಟ್ ಆಳದ 4:2:2 ಮಾದರಿಯ ದೃಶ್ಯವನ್ನು ದಾಖಲಿಸಬಲ್ಲವು. 10 ಬಿಟ್ ಎಂದರೆ ಪ್ರತಿಯೊಂದು ಬಣ್ಣಕ್ಕೂ 1024 ಮಟ್ಟಗಳು. 8 ಬಿಟ್ಟಿನಲ್ಲಿ ಇರುವುದು 256 ಮಾತ್ರ. 4:2:2 ಎಂದರೆ ಪ್ರತಿ ಬಿಂದುವಿನ ಬೆಳಕಿನ ಅಳತೆಯನ್ನು ಪೂರ್ತಿಯಾಗಿ ಉಳಿಸಿಕೊಂಡು, ಬಣ್ಣದ ಮಾಹಿತಿಯನ್ನು ಅಡ್ಡಸಾಲಿನಲ್ಲಿ ಮಾತ್ರ ಅರ್ಧಕ್ಕೆ ಇಳಿಸುವುದು. ಮೊಬೈಲ್ ಫೋನುಗಳೂ ಕಡಿಮೆ ಬೆಲೆಯ ಕ್ಯಾಮೆರಾಗಳೂ ಬಳಸುವ 4:2:0 ಮಾದರಿಯಲ್ಲಿ ಬಣ್ಣದ ಮಾಹಿತಿ ಅಡ್ಡಕ್ಕೂ ಉದ್ದಕ್ಕೂ ಅರ್ಧವಾಗಿ, ಒಟ್ಟಿನಲ್ಲಿ ಕಾಲುಭಾಗವಷ್ಟೇ ಉಳಿಯುತ್ತದೆ. ಕೆಂಪು ಕಸೆಯ ಬಣ್ಣದ ವೇಷವೊಂದು ಕಪ್ಪು ಪರದೆಯ ಮುಂದೆ ರಭಸವಾಗಿ ತಿರುಗುವಾಗ 4:2:0 ಚಿತ್ರದಲ್ಲಿ ಕೆಂಪಿನ ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತವೆ. 8 ಬಿಟ್ಟಿನ ಚಿತ್ರದಲ್ಲಿ ರಂಗದ ಎಲ್‌ಇಡಿ ದೀಪಗಳ ಬಣ್ಣವನ್ನು ಆಮೇಲೆ ಸರಿಪಡಿಸಲು ಹೋದರೆ ಮುಖವರ್ಣಿಕೆಯ ಮೇಲೆ ಪಟ್ಟೆಗಳು ಮೂಡುತ್ತವೆ. ಆದ್ದರಿಂದ ನನ್ನ ಕೆಲಸಕ್ಕೆ 10 ಬಿಟ್‌ನ 4:2:2 ಅನಿವಾರ್ಯ.

ತೊಡಕು ಇರುವುದು ಈ ಫೈಲನ್ನು ಮತ್ತೆ ಬಿಡಿಸುವಲ್ಲಿ. ಎಚ್.265 ವಿಧಾನದಲ್ಲಿ ಹೆಚ್ಚಿನ ಚೌಕಟ್ಟುಗಳು (ಫ್ರೇಮ್, ಎಂದರೆ ದೃಶ್ಯದ ಒಂದೊಂದು ಸ್ಥಿರಚಿತ್ರ) ಸಾಮಾನ್ಯವಾಗಿ ತಮ್ಮ ಹಿಂದು ಮುಂದಿನ ಚೌಕಟ್ಟುಗಳನ್ನು ಆಧರಿಸಿರುತ್ತವೆ. ಟೈಮ್‌ಲೈನಿನ ನಡುವಿನ ಒಂದು ಚಿತ್ರವನ್ನು ತೋರಿಸಬೇಕಾದರೂ ಅದರ ನೆರೆಹೊರೆಯ ಹಲವು ಚಿತ್ರಗಳನ್ನು ಲೆಕ್ಕ ಹಾಕಬೇಕು. ಈ ಲೆಕ್ಕವನ್ನು ಮಾಡಲು ಗ್ರಾಫಿಕ್ಸ್ ಚಿಪ್ಪಿನೊಳಗೆ ಪ್ರತ್ಯೇಕವಾದ ಡಿಕೋಡರ್ ಇರುತ್ತದೆ. ಆದರೆ ಎನ್‌ವಿಡಿಯಾದ 30 ಮತ್ತು 40 ಸರಣಿಯ ಕಾರ್ಡುಗಳಲ್ಲಿನ ಡಿಕೋಡರಿಗೆ 4:2:2 ಬಾರದು. ಲಕ್ಷ ರೂಪಾಯಿಗೂ ಮೀರಿದ ಆರ್‌ಟಿಎಕ್ಸ್ 4090 ಕೂಡ ಈ ಫೈಲಿನ ಮುಂದೆ ಕೈಚೆಲ್ಲಿ, ಹೊರೆಯನ್ನೆಲ್ಲ ಪ್ರೊಸೆಸರಿನ ಮೇಲೆ ಹಾಕುತ್ತದೆ. ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗೇ ಇರುವ ಗ್ರಾಫಿಕ್ಸ್ ಭಾಗ ಮಾತ್ರ ಹಲವು ವರ್ಷಗಳಿಂದ ಎಚ್.265ರ 10 ಬಿಟ್ 4:2:2 ದೃಶ್ಯವನ್ನು ಬಿಡಿಸಬಲ್ಲುದಾಗಿತ್ತು. ವಿಡಿಯೊ ಕೆಲಸ ಮಾಡುವವರು ಇಂಟೆಲ್ ಬಿಟ್ಟು ಕದಲದಿದ್ದುದಕ್ಕೆ ಇದು ಮುಖ್ಯ ಕಾರಣ. 2025ರಲ್ಲಿ ಬಂದ ಎನ್‌ವಿಡಿಯಾದ 50 ಸರಣಿಯು ಎಚ್.264 ಮತ್ತು ಎಚ್.265 ಎರಡರಲ್ಲೂ 4:2:2ನ್ನು ಬಿಡಿಸುವ, ಬರೆಯುವ ಸಾಮರ್ಥ್ಯವನ್ನು ಪಡೆದುಕೊಂಡಿತು. ಮನೆಯಲ್ಲಿ ಯಂತ್ರ ಕಟ್ಟುವ ಸಂಕಲನಕಾರರಿಗೆ ಇತ್ತೀಚಿನ ವರ್ಷಗಳಲ್ಲಿ ಆದ ಅತಿ ದೊಡ್ಡ ಉಪಕಾರ ಇದೆಂದು ನಾನು ಭಾವಿಸುತ್ತೇನೆ, ಏಕೆಂದರೆ ಪ್ರೊಸೆಸರಿನ ಆಯ್ಕೆ ಅಲ್ಲಿಗೆ ಸ್ವತಂತ್ರವಾಯಿತು.

ಹೀಗಾಗಿ ಆರ್‌ಟಿಎಕ್ಸ್ 5060 ಟಿಐ ಈ ಯಂತ್ರದ ಕೇಂದ್ರ. 2025ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಈ ಕಾರ್ಡ್ ಒಂದೇ ಹೆಸರಿನಲ್ಲಿ 8 ಜಿಬಿ ಮತ್ತು 16 ಜಿಬಿ ಎಂಬ ಎರಡು ಆವೃತ್ತಿಗಳಲ್ಲಿ ಬರುತ್ತದೆ. ಬಿಡುಗಡೆಯ ವೇಳೆ ಎನ್‌ವಿಡಿಯಾ ಹೇಳಿದ ಬೆಲೆ ಕ್ರಮವಾಗಿ 379 ಮತ್ತು 429 ಡಾಲರ್. ಈ ಐವತ್ತು ಡಾಲರಿನ ವ್ಯತ್ಯಾಸದಲ್ಲಿ ಇಡೀ ಯಂತ್ರದ ಯೋಗ್ಯತೆ ಅಡಗಿದೆ. ರಾತ್ರಿಯ ಬಯಲಾಟದಲ್ಲಿ ಬೆಳಕು ಕಡಿಮೆ ಇರುವುದರಿಂದ ಚಿತ್ರದ ಕಣಕಣ ಗದ್ದಲವನ್ನು (ನಾಯ್ಸ್) ತೆಗೆಯಲೇಬೇಕಾಗುತ್ತದೆ, ಮತ್ತು ರಿಸಾಲ್ವ್‌ನಲ್ಲಿ ಅಕ್ಕಪಕ್ಕದ ಚೌಕಟ್ಟುಗಳನ್ನು ಹೋಲಿಸಿ ಗದ್ದಲ ತೆಗೆಯುವ ಸಾಧನವು ಗ್ರಾಫಿಕ್ಸ್ ಮೆಮೊರಿಯನ್ನು ಎಗ್ಗಿಲ್ಲದೆ ನುಂಗುತ್ತದೆ. 4ಕೆ ಟೈಮ್‌ಲೈನಿನಲ್ಲಿ ಈ ಸಾಧನದ ಜೊತೆಗೆ ಬಣ್ಣ ತಿದ್ದುವಿಕೆಯ ಮೂರು ನಾಲ್ಕು ಹಂತಗಳು ಸೇರಿದರೆ 8 ಜಿಬಿಯ ಕಾರ್ಡಿನಲ್ಲಿ ಮೆಮೊರಿ ತುಂಬಿತು ಎಂಬ ಸಂದೇಶ ಬಂದು ಕೆಲಸ ನಿಲ್ಲುತ್ತದೆ. ಮೆಮೊರಿ ಸಾಲದೆಹೋದರೆ ನಿಧಾನವಾಗಿಯಾದರೂ ಮುಗಿದೀತು ಎಂಬ ಭರವಸೆ ಇಲ್ಲ. ಎಕ್ಸ್‌ಪೋರ್ಟ್ ಅರ್ಧದಲ್ಲಿ ಕಡಿದುಬೀಳುತ್ತದೆ. ಹಾಗಾಗಿ 8 ಜಿಬಿಯ ಆವೃತ್ತಿಯನ್ನು ಎಡಿಟಿಂಗ್ ಮಾಡುವವರು ಯಾವ ರಿಯಾಯಿತಿಗೂ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಓದಿಯೇ ಹಣ ಕೊಡಬೇಕು.

ಇದಕ್ಕಿಂತ ಒಂದು ಮೆಟ್ಟಿಲು ಮೇಲಿರುವ ಆರ್‌ಟಿಎಕ್ಸ್ 5070 ಗೇಮ್‌ಗಳಲ್ಲಿ ಸ್ಪಷ್ಟವಾಗಿ ವೇಗದ ಕಾರ್ಡ್. ಆದರೆ ಅದರಲ್ಲಿರುವುದು 12 ಜಿಬಿ ಮೆಮೊರಿ, ವಿದ್ಯುತ್ ಬೇಡಿಕೆ 250 ವ್ಯಾಟ್, ಬಿಡುಗಡೆಯ ಬೆಲೆ 549 ಡಾಲರ್. ಗೇಮೇ ಮುಖ್ಯ, ಎಡಿಟಿಂಗ್ ಆಗೊಮ್ಮೆ ಈಗೊಮ್ಮೆ ಎನ್ನುವವರಿಗೆ ಅದು ಉತ್ತಮ. ನನ್ನಂತೆ ಎಡಿಟಿಂಗಿನಲ್ಲೇ ಹೆಚ್ಚು ಹೊತ್ತು ಕಳೆಯುವವರಿಗೆ 16 ಜಿಬಿಯ ನೆಮ್ಮದಿ ದೊಡ್ಡದು. ಎಎಂಡಿಯ ರೇಡಿಯಾನ್ ಆರ್‌ಎಕ್ಸ್ 9060 ಎಕ್ಸ್‌ಟಿ ಕಾರ್ಡಿನ 16 ಜಿಬಿ ಆವೃತ್ತಿ ಕೊಟ್ಟ ಹಣಕ್ಕೆ ಗೇಮ್‌ಗಳಲ್ಲಿ ಒಳ್ಳೆಯ ಫಲ ಕೊಡುತ್ತದೆ, ಆದರೆ 4:2:2ರ ವಿಷಯದಲ್ಲಿ ರೇಡಿಯಾನ್ ಕಾರ್ಡುಗಳು ಹಿಂದುಳಿದಿವೆ. ಅಡೋಬಿ ಪ್ರೀಮಿಯರ್‌ನಂಥ ತಂತ್ರಾಂಶಗಳು ಮತ್ತು ಅವುಗಳ ಪ್ಲಗಿನ್‌ಗಳು ಎನ್‌ವಿಡಿಯಾದ ಕ್ಯುಡಾ ಎಂಬ ಲೆಕ್ಕಾಚಾರದ ವ್ಯವಸ್ಥೆಯನ್ನು ಬಹುಕಾಲದಿಂದ ನೆಚ್ಚಿಕೊಂಡಿರುವುದೂ ರೇಡಿಯಾನ್ ಕಾರ್ಡುಗಳಿಗೆ ಹಿನ್ನಡೆ.

ಗೇಮಿಂಗಿನಲ್ಲಿ 5060 ಟಿಐ ನನಗೆ ತೃಪ್ತಿ ಕೊಟ್ಟಿದೆ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2ರಂಥ ಸ್ಪರ್ಧಾತ್ಮಕ ಆಟಗಳಿಗೆ ಇದು ಬೇಕಾದುದಕ್ಕಿಂತ ಹೆಚ್ಚು. ಸೈಬರ್‌ಪಂಕ್ 2077ರಂಥ ಭಾರವಾದ ಆಟದಲ್ಲಿ ಬೆಳಕಿನ ಕಿರಣಗಳ ಲೆಕ್ಕಾಚಾರವನ್ನು ಪೂರ್ತಿ ಏರಿಸಿದರೆ ಡಿಎಲ್‌ಎಸ್‌ಎಸ್ (ಸಣ್ಣದಾಗಿ ರಚಿಸಿದ ಚಿತ್ರವನ್ನು ಕೃತಕ ಬುದ್ಧಿಮತ್ತೆಯಿಂದ ಹಿಗ್ಗಿಸುವ ಎನ್‌ವಿಡಿಯಾದ ಸೌಲಭ್ಯ) ನೆರವಿಲ್ಲದೆ 1440ಪಿಯಲ್ಲಿ ಸರಾಗವಾಗಿ ಸಾಗದು. ಕೃತಕ ಚೌಕಟ್ಟುಗಳನ್ನು ನಡುವೆ ಸೇರಿಸುವ ಸೌಲಭ್ಯವನ್ನು ಜಾಹೀರಾತುಗಳು ಬಹಳವಾಗಿ ಹೊಗಳುತ್ತವೆ. ಅದು ಪರದೆಯ ಮೇಲಿನ ಚಲನೆಯನ್ನು ನಯಗೊಳಿಸುವುದು ನಿಜವಾದರೂ ಗುಂಡಿ ಒತ್ತಿದುದಕ್ಕೂ ಪಾತ್ರ ಕದಲಿದುದಕ್ಕೂ ನಡುವಿನ ವಿಳಂಬವನ್ನು ಕಡಿಮೆ ಮಾಡುವುದಿಲ್ಲ. ಮೂಲ ವೇಗವೇ ಕಡಿಮೆಯಿದ್ದಾಗ ಅದನ್ನು ಚಾಲೂ ಮಾಡಿದರೆ ಆಟ ಜಿಗುಟಾಗಿ ಅನ್ನಿಸುತ್ತದೆ. ಜಾಹೀರಾತಿನ ಪಟ್ಟಿಯಲ್ಲಿರುವ ದೊಡ್ಡ ಅಂಕಿಗಳನ್ನು ಈ ಎಚ್ಚರದಿಂದಲೇ ಓದಬೇಕು. ಹಳೆಯ ಮದರ್‌ಬೋರ್ಡಿಗೆ ಇದೊಂದನ್ನೇ ಕೊಂಡು ಹಾಕುವವರು ಇನ್ನೊಂದು ಅಂಶವನ್ನು ಗಮನಿಸಬೇಕು: ಈ ಕಾರ್ಡ್ ಎಂಟು ಪಿಸಿಐಇ ಲೇನ್‌ಗಳನ್ನಷ್ಟೇ (ಬೋರ್ಡಿಗೂ ಕಾರ್ಡಿಗೂ ನಡುವಿನ ಮಾಹಿತಿಯ ದಾರಿಗಳು) ಬಳಸುತ್ತದೆ, ಮೂರನೆಯ ತಲೆಮಾರಿನ ಪಿಸಿಐಇ ಇರುವ ಹಳೆಯ ಬೋರ್ಡುಗಳಲ್ಲಿ ಅದರ ಶಕ್ತಿ ಸ್ವಲ್ಪ ಸೋರಿಹೋಗುತ್ತದೆ.

ಪ್ರೊಸೆಸರಿಗೆ ಬಂದರೆ, 2024ರ ಆಗಸ್ಟಿನಲ್ಲಿ ಬಂದ ರೈಜೆನ್ 7 9700ಎಕ್ಸ್ ಎಂಟು ಕೋರ್ (ಲೆಕ್ಕ ಮಾಡುವ ಘಟಕ), ಹದಿನಾರು ಥ್ರೆಡ್‌ಗಳ (ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳ) ಚಿಪ್. ಅದರ ಘೋಷಿತ ಶಾಖ ಮಿತಿ 65 ವ್ಯಾಟ್. ನಿಜವಾದ ಬಳಕೆ 88 ವ್ಯಾಟ್‌ನವರೆಗೆ ಏರುತ್ತದೆ. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅದನ್ನು 105 ವ್ಯಾಟ್‌ನ ಮಟ್ಟಕ್ಕೆ ಏರಿಸುವ ಅವಕಾಶವನ್ನು ಎಎಂಡಿ ಆಮೇಲೆ ಒದಗಿಸಿತಾದರೂ ನಾನು ಹಾಗೆ ಮಾಡಿಲ್ಲ. ಡಿಕೋಡಿಂಗ್ ಮತ್ತು ಗದ್ದಲ ತೆಗೆಯುವ ಕೆಲಸ ಗ್ರಾಫಿಕ್ಸ್ ಕಾರ್ಡಿನದಾದ ಮೇಲೆ ಪ್ರೊಸೆಸರಿಗೆ ಉಳಿಯುವುದು ಮೂರು ಕ್ಯಾಮೆರಾಗಳ ಧ್ವನಿಯನ್ನು ಹೊಂದಿಸುವುದು, ಚೆಂಡೆ ಮದ್ದಳೆಗಳ ಅಬ್ಬರದ ನಡುವೆ ಭಾಗವತರ ಕಂಠವನ್ನು ಎತ್ತಿ ಹಿಡಿಯುವ ಧ್ವನಿ ಸಂಸ್ಕರಣೆ, ಮತ್ತು ರಿಸಾಲ್ವ್‌ನ ಫ್ಯೂಷನ್ ವಿಭಾಗದಲ್ಲಿ ಮಾಡುವ ಶೀರ್ಷಿಕೆಗಳ ಕೆಲಸ. ಇವಕ್ಕೆಲ್ಲ ಎಂಟು ಕೋರ್ ಧಾರಾಳವಾಗಿ ಸಾಕಾಗಿದೆ. ಈ ಚಿಪ್ಪಿನ ಪೆಟ್ಟಿಗೆಯಲ್ಲಿ ಕೂಲರ್ ಇರುವುದಿಲ್ಲ ಎಂಬುದನ್ನು ಮಾತ್ರ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಖರ್ಚು ಇಳಿಸಬೇಕೆನ್ನುವವರು ಅದೇ ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಹಿಂದಿನ ತಲೆಮಾರಿನ ರೈಜೆನ್ 7 7700 ಕೊಳ್ಳಬಹುದು. ಅದಕ್ಕೂ ಎಂಟೇ ಕೋರ್, ಪೆಟ್ಟಿಗೆಯಲ್ಲಿ ಕೂಲರ್ ಕೂಡ ಬರುತ್ತದೆ, ಎಡಿಟಿಂಗಿನಲ್ಲಿ ಆಗುವ ವ್ಯತ್ಯಾಸ ಅಲ್ಪ.

ಗೇಮ್ ಆಡುವವರ ನಡುವೆ ಈಗ ಹೆಸರು ಮಾಡಿರುವುದು ಎಕ್ಸ್3ಡಿ ಸರಣಿ. ರೈಜೆನ್ 7 7800ಎಕ್ಸ್3ಡಿ ಮತ್ತು 9800ಎಕ್ಸ್3ಡಿಗಳಲ್ಲಿ ಚಿಪ್ಪಿಗೆ ಹೆಚ್ಚುವರಿ ಕ್ಯಾಶ್ ಮೆಮೊರಿಯ (ಚಿಪ್ಪಿನಲ್ಲೇ ಇರುವ ಅತಿವೇಗದ ತಾತ್ಕಾಲಿಕ ಮೆಮೊರಿ) ಪದರವನ್ನು ಸೇರಿಸಿ ಮೂರನೆಯ ಹಂತದ ಕ್ಯಾಶನ್ನು 96 ಎಂಬಿಗೆ ಏರಿಸಿದ್ದಾರೆ, ಮತ್ತು ಅದರ ಲಾಭ ಗೇಮ್‌ಗಳಲ್ಲಿ ನಿಜವಾಗಿಯೂ ದೊಡ್ಡದು. ಆದರೆ ಆ ಲಾಭ ಕಾಣಿಸುವುದು ಪ್ರೊಸೆಸರೇ ಅಡ್ಡಿಯಾಗುವ ಸಂದರ್ಭದಲ್ಲಿ, ಎಂದರೆ ಅತಿ ಬಲಿಷ್ಠ ಗ್ರಾಫಿಕ್ಸ್ ಕಾರ್ಡ್ ಇದ್ದು 1080ಪಿಯಂಥ ಕಡಿಮೆ ರೆಸಲ್ಯೂಷನ್ನಿನಲ್ಲಿ ಆಡುವಾಗ. 5060 ಟಿಐ ಜೊತೆ 1440ಪಿಯಲ್ಲಿ ಆಡುವವರಿಗೆ ಅಡ್ಡಿಯಾಗುವುದು ಹೆಚ್ಚಾಗಿ ಕಾರ್ಡೇ. ಎಡಿಟಿಂಗಿಗೆ ಆ ಕ್ಯಾಶ್‌ನಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಅದಕ್ಕೆ ಸುರಿಯುವ ಹೆಚ್ಚಿನ ಹಣ 8 ಜಿಬಿಯ ಕಾರ್ಡಿನ ಬದಲು 16 ಜಿಬಿಯದನ್ನು ಕೊಳ್ಳಲು, ಇನ್ನೊಂದು ಎಸ್‌ಎಸ್‌ಡಿ ಸೇರಿಸಲು ಬಳಕೆಯಾದರೆ ಸಾರ್ಥಕ.

ಇಂಟೆಲ್‌ನ ಪರವಾಗಿ ಹೇಳಬೇಕಾದ್ದು ಬಹಳಷ್ಟಿದೆ. 2024ರ ಅಕ್ಟೋಬರಿನಲ್ಲಿ ಬಂದ ಕೋರ್ ಅಲ್ಟ್ರಾ 7 265ಕೆ ಪ್ರೊಸೆಸರಿನಲ್ಲಿ ಎಂಟು ವೇಗದ ಕೋರ್‌ಗಳು ಮತ್ತು ಹನ್ನೆರಡು ಮಿತವ್ಯಯದ ಕೋರ್‌ಗಳು ಸೇರಿ ಇಪ್ಪತ್ತು ಇವೆ. ಎಡಿಟಿಂಗಿನಲ್ಲಿ ಅದು 9700ಎಕ್ಸ್‌ಗಿಂತ ಬಲಶಾಲಿ, ಮತ್ತು ಅದರೊಳಗಿನ ಗ್ರಾಫಿಕ್ಸ್ ಭಾಗ ಎಚ್.265ರ 4:2:2ನ್ನು ಬಿಡಿಸುವುದರಿಂದ ಕೈಯಲ್ಲಿರುವ ಹಳೆಯ ಆರ್‌ಟಿಎಕ್ಸ್ 3060 ಅಥವಾ 4060 ಟಿಐ ಕಾರ್ಡನ್ನೇ ಮುಂದುವರಿಸಬಯಸುವವರಿಗೆ ಅದೇ ಸರಿಯಾದ ದಾರಿ. ಗೇಮಿಂಗಿನಲ್ಲಿ ಅದು ತುಸು ಹಿಂದೆ, ಪೂರ್ಣ ಹೊರೆಯಲ್ಲಿ ವಿದ್ಯುತ್ ಬಳಕೆ 250 ವ್ಯಾಟ್‌ನವರೆಗೂ ಹೋಗಬಹುದು. ನಾನು ಎಎಂಡಿಯ ಕಡೆ ವಾಲಿದ್ದಕ್ಕೆ ಮುಖ್ಯ ಕಾರಣ ಸಾಕೆಟ್. 2022ರಲ್ಲಿ ಆರಂಭವಾದ ಎಎಂ5 ಸಾಕೆಟ್ಟನ್ನು 2027ರವರೆಗೂ ಅದರಾಚೆಗೂ ಬೆಂಬಲಿಸುವುದಾಗಿ ಎಎಂಡಿ ಹೇಳಿದೆ. ಹಿಂದಿನ ಎಎಂ4 ಸಾಕೆಟ್ಟಿಗೆ ಆ ಕಂಪನಿ ವರ್ಷಗಟ್ಟಲೆ ಹೊಸ ಪ್ರೊಸೆಸರುಗಳನ್ನು ಕೊಡುತ್ತ ಬಂದುದನ್ನು ನೋಡಿದರೆ ಆ ಮಾತನ್ನು ನಂಬಬಹುದು. ಬಳಸಿದ ಇಂಟೆಲ್ 13 ಮತ್ತು 14ನೆಯ ತಲೆಮಾರಿನ ಪ್ರೊಸೆಸರುಗಳು ಅಗ್ಗಕ್ಕೆ ಸಿಗುತ್ತವೆಂದು ಆಸೆಪಡುವವರಿಗೆ ಒಂದು ಎಚ್ಚರಿಕೆ. ಅವುಗಳಲ್ಲಿನ ಮೇಲ್ದರ್ಜೆಯ ಚಿಪ್‌ಗಳು ಮಿತಿಮೀರಿದ ವೋಲ್ಟೇಜನ್ನು ಕೇಳಿ ಪಡೆದು ಹಾಳಾಗುತ್ತಿದ್ದುದನ್ನು ಇಂಟೆಲ್ ತಾನೇ ಒಪ್ಪಿ, 2024ರ ಆಗಸ್ಟಿನಲ್ಲಿ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಸೂಚನೆಗಳ) ತಿದ್ದುಪಡಿಯನ್ನು ಹೊರತಂದು ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ತಿದ್ದುಪಡಿ ಹೊಸ ಹಾನಿಯನ್ನು ತಡೆಯುತ್ತದೆ. ಆಗಿಹೋದ ಹಾನಿಯನ್ನು ಸರಿಮಾಡುವುದಿಲ್ಲ. ಹಿಂದಿನ ಮಾಲೀಕರು ಅದನ್ನು ಹೇಗೆ ಓಡಿಸಿದ್ದರೆಂದು ತಿಳಿಯುವ ದಾರಿಯಿಲ್ಲದಿರುವಾಗ ಅಂಥ ಚಿಪ್ಪನ್ನು ಬಿಟ್ಟುಬಿಡುವುದು ಒಳಿತು.

ರ‍್ಯಾಮ್ ಕೊಳ್ಳುವುದು ಈಗ ಕಷ್ಟದ ಮಾತು. 2025ರ ಕೊನೆಯ ತಿಂಗಳುಗಳಿಂದ ಬೆಲೆ ವಿಪರೀತವಾಗಿ ಏರಿದೆ. ಮೆಮೊರಿ ತಯಾರಕರು ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಬೇಡಿಕೆಯ ಕಡೆಗೆ ತಮ್ಮ ಉತ್ಪಾದನೆಯನ್ನು ತಿರುಗಿಸಿರುವುದೇ ಇದಕ್ಕೆ ಕಾರಣ. ಆ ವರ್ಷದ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿಯು ಕ್ರೂಷಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಘೋಷಿಸಿತು. ಇಂಥ ಹೊತ್ತಿನಲ್ಲಿ 64 ಜಿಬಿಗೆ ಆಸೆಪಡುವುದಕ್ಕಿಂತ 16 ಜಿಬಿಯ ಎರಡು ಕಡ್ಡಿಗಳಿರುವ 32 ಜಿಬಿಯ ಒಂದು ಜೋಡಿಯನ್ನು ಕೊಳ್ಳುವುದು ಸೂಕ್ತ. ಈಗ ಎರಡು, ಆಮೇಲೆ ಇನ್ನೆರಡು ಸೇರಿಸಿದರಾಯಿತು ಎಂಬ ಹಳೆಯ ಲೆಕ್ಕ ಡಿಡಿಆರ್5ರಲ್ಲಿ ನಡೆಯುವುದಿಲ್ಲ. 9700ಎಕ್ಸ್‌ಗೆ ಎಎಂಡಿ ನಿಗದಿಪಡಿಸಿರುವ ಅಧಿಕೃತ ವೇಗ ಎರಡು ಕಡ್ಡಿಗಳಿದ್ದಾಗ 5600 (ಸೆಕೆಂಡಿಗೆ ಅಷ್ಟು ದಶಲಕ್ಷ ವರ್ಗಾವಣೆಗಳು), ನಾಲ್ಕು ಕಡ್ಡಿಗಳಾದರೆ 3600ಕ್ಕೆ ಕುಸಿಯುತ್ತದೆ. ಎಕ್ಸ್‌ಪೋ ಸೌಲಭ್ಯವಿರುವ (ಅಧಿಕೃತ ವೇಗವನ್ನು ಮೀರಿದ ಹೊಂದಿಕೆಯನ್ನು ಬಯಾಸ್‌ನಲ್ಲಿ ಸುಲಭವಾಗಿ ಆರಿಸಲು ಬಿಡುವ) 6000 ವೇಗದ, ಸಿಎಲ್30 ವಿಳಂಬದ ಜೋಡಿ ಈ ಸಾಕೆಟ್ಟಿಗೆ ಹೇಳಿಮಾಡಿಸಿದ್ದು. ಅದಕ್ಕಿಂತ ವೇಗದ್ದಕ್ಕೆ ಹಣ ಕೊಡುವುದು ವ್ಯರ್ಥ. ಮೊದಲ ಸಲ ಜೋಡಿಸುವವರಿಗೆ ಇನ್ನೊಂದು ಮಾತನ್ನು ಹೇಳಲೇಬೇಕು: ಎಎಂ5 ಬೋರ್ಡ್ ಮೊದಲ ಬಾರಿ ಚಾಲೂ ಆದಾಗ ಮೆಮೊರಿಯನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತೂ ಪರದೆ ಕಪ್ಪಾಗಿಯೇ ಇರುತ್ತದೆ. ಯಂತ್ರ ಕೆಟ್ಟಿತೆಂದು ಗಾಬರಿಯಾಗಿ ಸ್ವಿಚ್ ಆರಿಸಬಾರದು.

ಮದರ್‌ಬೋರ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿ650 ಸಾಕು, ಎಕ್ಸ್670, ಎಕ್ಸ್870 ಎಂಬ ದುಬಾರಿ ಬೋರ್ಡುಗಳಿಂದ ಈ ಯಂತ್ರದ ವೇಗ ಏರುವುದಿಲ್ಲ. ಪ್ರೊಸೆಸರಿಗೆ ವಿದ್ಯುತ್ ಹಂಚುವ ಭಾಗದ ಮೇಲೆ ಲೋಹದ ಹೊದಿಕೆ, ಎಸ್‌ಎಸ್‌ಡಿ ಕೂರಿಸಲು ಕನಿಷ್ಠ ಎರಡು ಎಂ.2 ಜಾಗಗಳು, ದೋಷ ತೋರಿಸುವ ಸಣ್ಣ ದೀಪಗಳು, ಮತ್ತು ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಬದಲಿಸುವ ಗುಂಡಿ ಇವೆಯೇ ಎಂದು ನೋಡಿದರೆ ಆಯಿತು. ಕೊನೆಯದು ಮುಖ್ಯ, ಏಕೆಂದರೆ ಬಿ650 ಬೋರ್ಡುಗಳು 9000 ಸರಣಿಗಿಂತ ಮೊದಲೇ ಮಾರುಕಟ್ಟೆಗೆ ಬಂದವು. ಅಂಗಡಿಯ ಕಪಾಟಿನಲ್ಲಿ ಬಹುಕಾಲ ಇದ್ದ ಬೋರ್ಡು ಹೊಸ ಪ್ರೊಸೆಸರನ್ನು ಗುರುತಿಸದೆ ಇರಬಹುದು.

ಸಂಗ್ರಹದ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಬೇಕು. ಸೆಕೆಂಡಿಗೆ 100 ಮೆಗಾಬಿಟ್‌ನ ದೃಶ್ಯ ಗಂಟೆಗೆ 45 ಜಿಬಿ ಆಗುತ್ತದೆ. ಆರು ಗಂಟೆಯ ಆಟವನ್ನು ಮೂರು ಕ್ಯಾಮೆರಾಗಳಲ್ಲಿ ಹಿಡಿದರೆ ಒಂದೇ ರಾತ್ರಿಗೆ 810 ಜಿಬಿ. ಆದ್ದರಿಂದ ವಿಂಡೋಸ್, ತಂತ್ರಾಂಶ ಮತ್ತು ಗೇಮ್‌ಗಳಿಗೆ 1 ಟಿಬಿಯ ಒಂದು ಎಸ್‌ಎಸ್‌ಡಿಯನ್ನೂ, ಕೈಯಲ್ಲಿರುವ ಕೆಲಸಕ್ಕೆ 2 ಟಿಬಿಯ ಇನ್ನೊಂದನ್ನೂ ಇಟ್ಟುಕೊಂಡಿದ್ದೇನೆ. ಎರಡನೆಯದಕ್ಕೆ ಟಿಎಲ್‌ಸಿ ಮಾದರಿಯದನ್ನೇ (ಒಂದು ಕೋಶದಲ್ಲಿ ಮೂರು ಬಿಟ್ ಇಡುವಂಥದು; ಕ್ಯುಎಲ್‌ಸಿಯಲ್ಲಿ ನಾಲ್ಕು) ಕೊಳ್ಳಬೇಕೆಂಬುದು ನನ್ನ ಒತ್ತಾಯ. ಅಗ್ಗದ ಕ್ಯುಎಲ್‌ಸಿ ಎಸ್‌ಎಸ್‌ಡಿಗಳು ಮೊದಲ ಒಂದಷ್ಟು ಜಿಬಿಗಳನ್ನು ಭರದಿಂದ ನುಂಗಿ, ಒಳಗಿನ ವೇಗದ ಜಾಗ ತುಂಬಿದ ಕೂಡಲೇ ಹಳೆಯ ಹಾರ್ಡ್‌ಡಿಸ್ಕಿನ ಮಟ್ಟಕ್ಕೆ ಇಳಿಯುತ್ತವೆ. ಗೇಮ್ ಇಡುವುದಕ್ಕೆ ಅವು ಸಾಕಾದರೂ 800 ಜಿಬಿಯನ್ನು ಒಮ್ಮೆಗೇ ಸುರಿಯುವ ಕೆಲಸಕ್ಕೆ ತಕ್ಕವಲ್ಲ. ಡಬ್ಲ್ಯುಡಿ ಬ್ಲ್ಯಾಕ್ ಎಸ್‌ಎನ್850ಎಕ್ಸ್ ಮತ್ತು ಸ್ಯಾಮ್ಸಂಗ್ 990 ಪ್ರೊ ಎರಡೂ ಟಿಎಲ್‌ಸಿ, ಎರಡೂ ನಂಬಲರ್ಹ. 2 ಟಿಬಿಯ ಆವೃತ್ತಿಗೆ 1200 ಟಿಬಿಯಷ್ಟು ಬರವಣಿಗೆಯ ಭರವಸೆ ಕೊಡುತ್ತವೆ. ಐದನೆಯ ತಲೆಮಾರಿನ ಪಿಸಿಐಇ ಎಸ್‌ಎಸ್‌ಡಿಗಳ ಶಾಖವೂ ಬೆಲೆಯೂ ಈ ಕೆಲಸಕ್ಕೆ ಬೇಕಿಲ್ಲ. ಮುಗಿದ ಕೆಲಸವನ್ನು ಕಾಪಿಡುವ ಹಾರ್ಡ್‌ಡಿಸ್ಕಿನಲ್ಲಿ ಪಟ್ಟಿಗಳನ್ನು ಒಂದರ ಪಕ್ಕ ಒಂದಾಗಿ ಬರೆಯುವ ಸಿಎಂಆರ್ ಮಾದರಿಯದನ್ನು ಕೇಳಿ ಪಡೆಯಬೇಕು. ಪಟ್ಟಿಗಳನ್ನು ಒಂದರ ಮೇಲೊಂದು ಹೆಂಚಿನಂತೆ ಹೊದಿಸಿ ಬರೆಯುವ ಎಸ್‌ಎಂಆರ್ ಡಿಸ್ಕುಗಳು ದೊಡ್ಡ ಫೈಲುಗಳ ಮೇಲೆ ಮತ್ತೆ ಮತ್ತೆ ಬರೆಯುವಾಗ ಅತಿಯಾಗಿ ನಿಧಾನವಾಗುತ್ತವೆ, ಮತ್ತು ಪೆಟ್ಟಿಗೆಯ ಮೇಲೆ ಅದನ್ನು ನಮೂದಿಸುವುದು ಅಪರೂಪ. ತಯಾರಕರ ಜಾಲತಾಣದಲ್ಲಿ ಮಾದರಿ ಸಂಖ್ಯೆಯನ್ನು ಹುಡುಕಿ ಖಚಿತಪಡಿಸಿಕೊಳ್ಳಬೇಕು.

ನಮ್ಮ ಕಡೆ ಅತಿ ಹೆಚ್ಚು ಕಡೆಗಣನೆಗೆ ಒಳಗಾಗುವ ಭಾಗ ಪವರ್ ಸಪ್ಲೈ. ಪ್ರೊಸೆಸರಿನ 88, ಕಾರ್ಡಿನ 180, ಉಳಿದ ಭಾಗಗಳದ್ದು ಸೇರಿ ಈ ಯಂತ್ರ ಪೂರ್ಣ ಹೊರೆಯಲ್ಲಿಯೂ 350 ವ್ಯಾಟ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಗುಣಮಟ್ಟದ 650 ವ್ಯಾಟ್ ಸಾಕಿತ್ತು, ಮುಂದೆ ದೊಡ್ಡ ಕಾರ್ಡ್ ಹಾಕುವ ಇರಾದೆಯಿಂದ 750 ಕೊಂಡೆ. ಗೋಲ್ಡ್ ಎಂಬ ಮುದ್ರೆ ದಕ್ಷತೆಯನ್ನಷ್ಟೇ ಹೇಳುತ್ತದೆ, ಸುರಕ್ಷತೆಯನ್ನಾಗಲಿ ಬಾಳಿಕೆಯನ್ನಾಗಲಿ ಹೇಳುವುದಿಲ್ಲ. ಅದನ್ನು ತಿಳಿಯಲು ಮುದ್ರೆಗಿಂತ ವಾರಂಟಿಯ ಅವಧಿಯೇ ಒಳ್ಳೆಯ ಸೂಚನೆ: ಏಳು ಅಥವಾ ಹತ್ತು ವರ್ಷ ಕೊಡುವ ತಯಾರಕರು ತಮ್ಮ ಮಾಲಿನ ಮೇಲೆ ನಂಬಿಕೆ ಇಟ್ಟಿರುತ್ತಾರೆ. ಹೊಸ ಕಾರ್ಡುಗಳ ಹದಿನಾರು ಸೂಜಿಗಳ ಜೋಡಣೆಗಾಗಿ ಎಟಿಎಕ್ಸ್ 3.1 ಮಾನದಂಡದ ಮಾದರಿಯನ್ನು ಕೊಂಡರೆ ಮುಂದೆ ಅಡಾಪ್ಟರಿನ ತಲೆನೋವಿರದು.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೆರಡು ಸಂಗತಿಗಳಿವೆ. ಒಂದು, ಕರೆಂಟ್ ಹೋಗುವುದು. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಎಡಿಟಿಂಗ್ ಮಾಡುವುದು ಅಸಾಧ್ಯ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ 600 ವಿಎ ಯುಪಿಎಸ್‌ಗಳು 360 ವ್ಯಾಟ್‌ನಷ್ಟೇ ಹೊರುತ್ತವೆ. ಮಾನಿಟರ್ ಸೇರಿದಾಗ ಅದು ಸಾಲದು, 600 ವ್ಯಾಟ್ ಹೊರುವ 1000 ವಿಎ ಬೇಕು, ಮತ್ತು ಅದು ಶುದ್ಧ ಸೈನ್ ಅಲೆಯನ್ನು ಕೊಡುವಂಥದಾದರೆ ಇಂದಿನ ಪವರ್ ಸಪ್ಲೈಗಳಿಗೆ ಹಿತ. ಮನೆಯ ಇನ್ವರ್ಟರಿಗೇ ಜೋಡಿಸುವವರು ಅದರ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿರಬೇಕು. ಇಲ್ಲದಿದ್ದರೆ ಬದಲಾವಣೆಯ ಆ ಕ್ಷಣದಲ್ಲೇ ಕಂಪ್ಯೂಟರ್ ಆರಿಹೋಗುತ್ತದೆ. ಎರಡು, ಅರ್ಥಿಂಗ್. ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿದಾಗ ಜುಮ್ಮೆನ್ನುತ್ತದೆ ಎಂಬ ದೂರು ಹಳೆಯ ಮನೆಗಳಲ್ಲಿ ಸಾಮಾನ್ಯ. ಪವರ್ ಸಪ್ಲೈಯೊಳಗಿನ ಶಬ್ದ ಶೋಧಕದ ಕೆಪಾಸಿಟರುಗಳು ಲೈನ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕವಚಕ್ಕೆ ಜೋಡಿಸಿರುತ್ತವೆ. ಅರ್ಥಿಂಗ್ ತಂತಿ ನಿಜವಾಗಿ ನೆಲಕ್ಕೆ ಮುಟ್ಟದಿದ್ದರೆ ಕವಚದ ಮೇಲೆ ಲೈನಿನ ಅರ್ಧದಷ್ಟು ವೋಲ್ಟೇಜ್ ನಿಲ್ಲುತ್ತದೆ. ಹರಿಯುವ ವಿದ್ಯುತ್ತು ಅತ್ಯಲ್ಪವಾದರೂ ಎಚ್‌ಡಿಎಂಐ ಅಥವಾ ಆಡಿಯೊ ತಂತಿಯನ್ನು ಚುಚ್ಚುವಾಗ ಅದೇ ಪೋರ್ಟ್‌ಗಳನ್ನು ಸುಡಬಲ್ಲದು. ಗ್ರಾಫಿಕ್ಸ್ ಕಾರ್ಡಿಗೆ ಕೊಡುವ ಹಣದ ಸಣ್ಣದೊಂದು ಪಾಲನ್ನು ಎಲೆಕ್ಟ್ರಿಷಿಯನ್‌ಗೆ ಕೊಟ್ಟು ಕಂಪ್ಯೂಟರ್ ಚುಚ್ಚುವ ಗೋಡೆಯ ಸಾಕೆಟ್ಟನ್ನು ಪರೀಕ್ಷಿಸಿಕೊಳ್ಳುವುದು ಯಾವ ಮೇಲ್ದರ್ಜೆಯ ಭಾಗಕ್ಕಿಂತಲೂ ಉಪಯುಕ್ತ.

ಕೂಲರ್ ಮತ್ತು ಕ್ಯಾಬಿನೆಟ್ಟುಗಳಲ್ಲಿ ನನ್ನ ನಿಲುವು ಸರಳ. 88 ವ್ಯಾಟ್‌ನ ಪ್ರೊಸೆಸರಿಗೆ 120 ಎಂಎಂ ಫ್ಯಾನ್ ಇರುವ ಒಂದೇ ಗೋಪುರದ ಗಾಳಿ ಕೂಲರ್ ಸಾಕು. ಕಲಬುರಗಿ, ರಾಯಚೂರುಗಳಂತೆ ಬೇಸಿಗೆ 40 ಡಿಗ್ರಿ ದಾಟುವ ಊರಿನವರು ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್‌ನಂಥ ಜೋಡಿ ಗೋಪುರದ್ದನ್ನು ತೆಗೆದುಕೊಳ್ಳಲಿ, ಕೋಣೆಯ ಬಿಸಿ ಏರಿದಷ್ಟೂ ಚಿಪ್ಪಿನ ಬಿಸಿ ಏರುತ್ತದೆ. ನೀರಿನ ಕೂಲರಿಗೆ ಇಲ್ಲಿ ಕೆಲಸವಿಲ್ಲ. ಮುಂಭಾಗ ಗಾಜಿನದಾದ ಕ್ಯಾಬಿನೆಟ್ ನೋಡಲು ಚೆಂದ, ಗಾಳಿಗೆ ತಡೆ. ಜಾಲರಿಯ ಮುಂಭಾಗ ಮತ್ತು ಕೈಯಿಂದ ಕಳಚಿ ತೊಳೆಯಬಹುದಾದ ಧೂಳು ಶೋಧಕ ಇರುವುದನ್ನು ಆರಿಸಬೇಕು.

ಕೊಳ್ಳುವ ಸ್ಥಳದ ಬಗ್ಗೆ. ಬೆಂಗಳೂರಿನವರಿಗೆ ಪುರಭವನದ ಸಮೀಪದ ಎಸ್.ಪಿ. ರಸ್ತೆ ಈಗಲೂ ಸಹಜ ಆಯ್ಕೆ. ಆನ್‌ಲೈನ್ ಬೆಲೆಯನ್ನು ತೋರಿಸಿದರೆ ಅದರ ಆಸುಪಾಸಿಗೆ ಇಳಿಯುವ ಅಂಗಡಿಗಳು ಅಲ್ಲಿ ಹಲವು. ಭಾಗವನ್ನು ಎದುರಿಗೇ ತೆರೆಸಿ ನೋಡುವ ಅನುಕೂಲವೂ ಉಂಟು. ಬಿಲ್ ಬೇಡವೆಂದರೆ ಇಷ್ಟು ಕಡಿಮೆ ಮಾಡುತ್ತೇವೆ ಎಂಬ ಮಾತು ಕೆಲವು ಕಡೆ ಕೇಳಿಬರುತ್ತದೆ. ಅದಕ್ಕೆ ಒಪ್ಪಲೇಬಾರದು: ಬಿಡಿಭಾಗಗಳ ವಾರಂಟಿ ಪಡೆಯುವಾಗ ಕೇಳುವುದು ಸೀರಿಯಲ್ ಸಂಖ್ಯೆ ಬರೆದಿರುವ ಜಿಎಸ್‌ಟಿ ಬಿಲ್ಲನ್ನೇ. ಚಿತ್ರೀಕರಣವನ್ನು ವೃತ್ತಿಯಾಗಿ ನಡೆಸುತ್ತ ಜಿಎಸ್‌ಟಿ ನೋಂದಣಿ ಹೊಂದಿರುವವರಿಗೆ ಕಟ್ಟಿದ 18 ಶೇಕಡಾ ತೆರಿಗೆ ಇನ್‌ಪುಟ್ ಜಮೆಯಾಗಿ ಮರಳುವುದರಿಂದ ಬಿಲ್ಲಿಲ್ಲದ ರಿಯಾಯಿತಿ ಅವರಿಗೆ ನಷ್ಟವೇ. ಪ್ರೊಸೆಸರನ್ನು ಮುಚ್ಚಿದ ಪೆಟ್ಟಿಗೆಯಲ್ಲಿಯೇ ಕೊಳ್ಳಬೇಕು. ಬಿಡಿಯಾಗಿ ಟ್ರೇಯಿಂದ ತೆಗೆದುಕೊಡುವ ಚಿಪ್ಪಿಗೆ ಪೆಟ್ಟಿಗೆಯದರಂತೆ ಮೂರು ವರ್ಷದ ತಯಾರಕರ ವಾರಂಟಿ ಇರುವುದಿಲ್ಲ. ಇಡೀ ಯಂತ್ರವನ್ನು ಒಂದೇ ಬೆಲೆಗೆ ಕೊಡುತ್ತೇವೆ ಎನ್ನುವಲ್ಲಿ ಪವರ್ ಸಪ್ಲೈ ಮತ್ತು ಎಸ್‌ಎಸ್‌ಡಿಗಳ ಪೂರ್ಣ ಮಾದರಿ ಸಂಖ್ಯೆಯನ್ನು ಬರೆಸಿಕೊಳ್ಳಬೇಕು, ಏಕೆಂದರೆ ಬೆಲೆ ಇಳಿಸಲು ಮೊದಲು ಬದಲಾಗುವುದು ಅವೆರಡೇ.

ಬಳಕೆಯಲ್ಲಿ ಈ ಯಂತ್ರ ನನ್ನ ಅಪೇಕ್ಷೆಯನ್ನು ಈಡೇರಿಸಿದೆ. ಮೂರು ಕ್ಯಾಮೆರಾಗಳ ಎಚ್.265 ದೃಶ್ಯ 4:2:2ರಲ್ಲಿಯೇ, ಪ್ರಾಕ್ಸಿ (ಎಡಿಟಿಂಗಿಗಾಗಿ ಮಾಡುವ ಹಗುರವಾದ ನಕಲು) ಮಾಡಿಕೊಳ್ಳದೆ, ಮಲ್ಟಿಕ್ಯಾಮ್ ಟೈಮ್‌ಲೈನಿನಲ್ಲಿ ಓಡುತ್ತದೆ. ಗದ್ದಲ ತೆಗೆಯುವ ಸಾಧನವನ್ನು ಹಾಕಿದ ಮೇಲೆ ಮಾತ್ರ ಹಿನ್ನೆಲೆಯಲ್ಲಿ ರೆಂಡರ್ ಆಗಲು ಬಿಡಬೇಕಾಗುತ್ತದೆ, ಈ ಬೆಲೆಯ ಕಾರ್ಡಿನಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ಸರಿಯಲ್ಲ. ರಿಸಾಲ್ವ್‌ನ ಸ್ಟುಡಿಯೊ ಆವೃತ್ತಿಗೆ ಒಮ್ಮೆ ಕೊಡುವ 295 ಡಾಲರನ್ನು ಕಂಪ್ಯೂಟರಿನ ಬಜೆಟ್ಟಿನಲ್ಲಿಯೇ ಸೇರಿಸಿಕೊಳ್ಳಿರಿ ಎಂದು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಚೌಕಟ್ಟುಗಳನ್ನು ಹೋಲಿಸಿ ಗದ್ದಲ ತೆಗೆಯುವ ಸಾಧನ ಉಚಿತ ಆವೃತ್ತಿಯಲ್ಲಿ ಇಲ್ಲ, ಹಾರ್ಡ್‌ವೇರಿನ ಪೂರ್ಣ ಬಳಕೆಯೂ ಸ್ಟುಡಿಯೊದಲ್ಲಿಯೇ ಸಾಧ್ಯ.

ಮೊಬೈಲಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವವರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಅವರ ಫೈಲು 4:2:0 ಆಗಿರುವುದರಿಂದ ಯಾವ ಹೊಸ ಗ್ರಾಫಿಕ್ಸ್ ಕಾರ್ಡಾದರೂ ಅದನ್ನು ಸುಲಭವಾಗಿ ಬಿಡಿಸುತ್ತದೆ; ಆರು ಕೋರ್‌ನ ರೈಜೆನ್ 5 7600, 32 ಜಿಬಿ ರ‍್ಯಾಮ್, ಬೆಲೆ ಹೊಂದಿದರೆ ಆರ್‌ಎಕ್ಸ್ 9060 ಎಕ್ಸ್‌ಟಿ ಕಾರ್ಡಿನ 16 ಜಿಬಿ ಆವೃತ್ತಿ, ಇಷ್ಟರಲ್ಲಿ ಗೇಮಿಂಗ್ ಕೂಡ ಸೊಗಸಾಗಿ ಸಾಗುತ್ತದೆ. ಫೋನುಗಳು ಚೌಕಟ್ಟಿನ ವೇಗವನ್ನು ಏರಿಳಿಸುತ್ತ ದಾಖಲಿಸುವುದರಿಂದ ಧ್ವನಿ ಮತ್ತು ಚಿತ್ರ ಜಾರಿಹೋಗುವ ತೊಂದರೆ ಮಾತ್ರ ಅವರಿಗೆ ಇರುತ್ತದೆ. ಎಡಿಟಿಂಗಿಗೆ ಮೊದಲು ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಫೈಲನ್ನು ಸ್ಥಿರ ವೇಗಕ್ಕೆ ಪರಿವರ್ತಿಸಿಕೊಂಡರೆ ಅದು ನೀಗುತ್ತದೆ.